ಕೆಂಪು ದೀಪಕ್ಕೆ ಕೇಳಿಸಿದ್ದು

ಇವತ್ತಿನ ಪುಟವನ್ನು ಖಾಲಿ ಬಿಡೋಣವೆಂದಿದ್ದೆ. ಆದರೆ ನಮ್ಮ ಅನಗೋಳದಿಂದ ಖಾನಾಪುರದವರೆಗೆ ಗೊತ್ತಾಗಿರುವ ಸಂಗತಿಯನ್ನು ನನ್ನದೇ ದಿನಚರಿಯಿಂದ ಮುಚ್ಚಿಟ್ಟು ಯಾವ ಮಾನ ಉಳಿಸಿಕೊಳ್ಳಲಿ?

ನಮ್ಮವರು ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದಾರೆ. ಸರಕಾರದ ಲೈಸೆನ್ಸ್ ಪಡೆದು, ತಾವೇ ಒಂದು ಹವ್ಯಾಸಿ ರೇಡಿಯೋ ಜೋಡಿಸಿಕೊಂಡಿದ್ದಾರೆ. ಎಲ್ಲರ ಮನೆಯ ರೇಡಿಯೋ ಬರೀ ಮಾತಾಡುತ್ತದೆ. ಇದು ಎದುರಿನವರ ಮಾತನ್ನೂ ತರುತ್ತದೆ, ನಮ್ಮ ಮಾತನ್ನೂ ಒಯ್ಯುತ್ತದೆ. (ನಮ್ಮ ಮಾತು ಕೇಳುವ ಗುಣ ಅದನ್ನು ಜೋಡಿಸಿದವರಿಗೆ ಮಾತ್ರ ಬರಲಿಲ್ಲ.) ಮದುವೆಯ ಹೊಸದರಲ್ಲಿ ಅದರ ಒಂದೊಂದು ಗುಂಡಿಯನ್ನೂ ನನಗೆ ವಿವರಿಸಿದ್ದರು. ನಾನು ‘ಹೂಂ’ ಅನ್ನುತ್ತಿದ್ದೆ. ನೋಡುತ್ತಿದ್ದದ್ದು ಅವರ ಬೆರಳುಗಳನ್ನು.

ಇವತ್ತು ಖಂಡೇನವಮಿ. ಮುಂಜಾನೆಯೇ ಅವರು ಅತ್ತೆಯನ್ನು ಕರೆತರಲು ಖಾನಾಪುರಕ್ಕೆ ಹೋದರು. ಹಬ್ಬ ಮುಗಿದೊಡನೆ ನಾನು ನೆಹರು ನಗರದ ಒಂದು ಶಾಲೆಗೆ ಕೆಲಸಕ್ಕೆ ಸೇರಬೇಕು. ವರ್ಷ ತುಂಬದ ಮಗಳು ನೀಲಾಳನ್ನು ನೋಡಿಕೊಳ್ಳಲು ಅತ್ತೆ ಬರಬೇಕು. ಬರದಿದ್ದರೆ ಕೆಲಸಕ್ಕೆ ಎಳ್ಳುನೀರು.

ಆಗಲೇ ನನ್ನ ತಲೆಯಲ್ಲಿ ಒಂದು ದಿವ್ಯ ವಿಚಾರ ಮೂಡಿತು. ಆಯುಧಪೂಜೆಗೆ ಒರಳು, ಈಳಿಗೆ, ಹೊಲಿಗೆ ಯಂತ್ರ ಎಲ್ಲ ತೊಳೆದಾಯಿತು. ಅವರ ಆಯುಧ ಮಾತ್ರ ಧೂಳು ತಿನ್ನುತ್ತ ಕೂತಿದೆ. ಒರೆಸಿದೆ. ಗುಂಡಿಗಳ ಬಿಳಿ ಗೆರೆಗಳು ಒಂದೊಂದು ಒಂದೊಂದು ದಿಕ್ಕಿಗೆ ಸೊಟ್ಟಗಿದ್ದವು. ಎಲ್ಲವನ್ನೂ ನೆಟ್ಟಗೆ ಮೇಲೆ ಮುಖ ಮಾಡಿ ನಿಲ್ಲಿಸಿದೆ. ಸ್ವಿಚ್ಚುಗಳೂ ಅಷ್ಟೆ, ಕೆಲವು ಮೇಲೆ, ಕೆಲವು ಕೆಳಗೆ, ಎಲ್ಲವನ್ನೂ ಮೇಲಕ್ಕೆತ್ತಿದೆ. ದೊಡ್ಡ ಚಕ್ರಕ್ಕೆ ಗೆರೆ ಇರಲಿಲ್ಲವಾದ್ದರಿಂದ ಅದೊಂದು ಬಚಾವಾಯಿತು. ವಿಭೂತಿ ಹಚ್ಚಿ, ಮೈಕಿಗೆ ಚೆಂಡುಹೂವಿನ ಮಾಲೆ ಹಾಕಿದೆ.

“ನೋಡಬಾ ನೀಲಾ, ಎಷ್ಟು ಚಂದ ಕಾಣಸ್ತೈತಿ” ಎಂದೆ. ಪೆಟ್ಟಿಗೆಯ ಮೇಲೊಂದು ಕೆಂಪು ದೀಪ ಹತ್ತಿತು. ಸುಮ್ಮನಾದೆ, ಆರಿತು. ಮಗು ಕೇಕೆ ಹಾಕಿ ನಕ್ಕಿತು.

ಮಗು ನಗುತ್ತಿರುವಾಗ ಯಾವ ತಾಯಿ ಬಾಯಿ ಮುಚ್ಚುತ್ತಾಳೆ? ದೀಪ ಹತ್ತಿಸಲು ಗಟ್ಟಿಯಾಗಿ ಮಾತಾಡಬೇಕಿತ್ತು. ನನಗೆ ಗಟ್ಟಿಯಾಗಿ ಬರುವ ದನಿ ಒಂದೇ, ಅತ್ತೆಯದು. ಅತ್ತೆಯ ಹಾಗೆ ಸೊಂಟಕ್ಕೆ ಕೈಯಿಟ್ಟು, ಕಾಣದ ಪಲ್ಯದ ಮುಚ್ಚಳ ಎತ್ತಿ, ಕಾಣದ ರುಚಿ ನೋಡಿ ಶುರುಮಾಡಿದೆ.

“ಉಪ್ಪೇನೋ ಐತಿ, ಗಂಗಾ. ಆದ್ರ ಗೊತ್ತಾಗವಲ್ದು.”

ದೀಪ ಝಗ್ಗೆಂದಿತು. ಮಗು ಹೊರಳಾಡಿ ನಕ್ಕಿತು. ಅತ್ತೆಯ ಗೊರಕೆ, ಬಸ್ಸಿನ ಕಂಡಕ್ಟರನ ಕೂಡ ಅತ್ತೆಯ ಜಗಳ, ಎಲ್ಲ ಒಂದರ ಹಿಂದೊಂದು ಬಂದವು. ಪಕ್ಕದಲ್ಲಿ ನೇತುಹಾಕಿದ್ದ, ಕಿವಿಗೆ ಹಾಕಿಕೊಂಡು ಕೇಳುವ ಸಾಧನದೊಳಗೆ ಏನೋ ಹುಳದಂತೆ ಚೀಂವ್ ಚೀಂವ್ ಅನ್ನುತ್ತಿತ್ತು. ಹಬ್ಬ ಮುಗಿದ ಮೇಲೆ ಬಿಸಿಲಿಗೆ ಇಡೋಣವೆಂದುಕೊಂಡೆ.

ಕೊನೆಗೆ ಮಗುವಿಗೆ ನಿದ್ದೆ ಹತ್ತಿತು. ತಟ್ಟುತ್ತ ಕಿವಿಯಲ್ಲಿ ಹೇಳಿದೆ, “ನಿಮ್ಮಜ್ಜಿ ಬರ್ಲಿ ಅಂತ ಬೇಡ್ಕೊ. ನಿನ್ನ ಬ್ಯಾರೆ ಯಾರ ಕೈಯಾಗ ಬಿಟ್ರೂ ನನ್ನ ಜೀವ ನಿಲ್ಲೂದಿಲ್ಲ.” ಆಗ ದೀಪ ಹತ್ತಲಿಲ್ಲ. ನಾನು ಅದನ್ನು ಲೆಕ್ಕಕ್ಕೂ ಹಿಡಿಯಲಿಲ್ಲ.

ಮಧ್ಯಾಹ್ನ ಟಾಂಗಾ ನಿಂತಿತು. ನಮ್ಮವರು ನನ್ನ ಮುಖ ನೋಡದೆ ಒಳಹೊಕ್ಕು ಸ್ವಿಚ್ಚುಗಳನ್ನು ಪಟಪಟ ಇಳಿಸಿದರು. ಅತ್ತೆ ಗಂಟು ಕೆಳಗಿಟ್ಟು ನೇರ ಅಡುಗೆಮನೆಗೆ ಹೋಗಿ ಬದನೆಕಾಯಿ ಪಲ್ಯ ಬಾಯಿಗಿಟ್ಟರು.

“ಉಪ್ಪೇನೋ ಐತಿ, ಗಂಗಾ. ಆದ್ರ ಗೊತ್ತಾಗವಲ್ದು. ಹಿಂಗ ಅಲ್ಲೇನ ನಾ ಅನ್ನೂದು? ಮುಂಜಾನಿ ನೀ ಸ್ವಲ್ಪ ಮೂಗಿನ್ಯಾಗ ಅಂದಿ.”

ನಾನು ತಟ್ಟನೆ ಪೆಟ್ಟಿಗೆಯ ಕಡೆ ತಿರುಗಿದೆ.

“ಮಾತಾಡಿದ್ರ ತಾನ ಗಾಳಿಗಿ ಬಿಡೂ ಸ್ವಿಚ್ಚದು, ನೀ ಮ್ಯಾಲೆತ್ತಿದ್ದು” ಎಂದರು ನಮ್ಮವರು ಗೋಡೆಗೆ ಹೇಳುವಂತೆ. “ಖಾನಾಪುರದಾಗ ಗೆಳ್ಯಾ ಸಿದರಾಯನ ಮನಿಯಾಗೂ ಇಂಥಾದ್ದ ಪೆಟ್ಟಿಗಿ ಐತಿ, ಅವ್ವಗ ತೋರಸಾಕ ಅದರ ಮುಂದ ಕುಂದರ್ಸಿದ್ದೆ. ಅದರಾಗ ಬಂದಾಕಿ ನೀ. ನಾ ಒದರಿ ಒದರಿ ಸಾಕಾತು, ನೀ ಬಿಡುವ ಕೊಡ್ಲಿಲ್ಲ. ನನ್ನ ಲೈಸೆನ್ಸ್ ಇನ್ನ ಐತೋ ಇಲ್ಲೋ.”

“ಹಬ್ಬಕ್ಕ ಬಂದ ಮಂದೆಲ್ಲಾ ಕೇಳ್ಯಾರ” ಎಂದರು ಅತ್ತೆ. “ಬ್ಯಾಡಾದಲ್ಲಿ ಇರಾಕಿ ಅಲ್ಲ ನಾ. ಗಂಟ ಬಿಚ್ಚಿಲ್ಲ, ಸಂಜಿ ಬಸ್ಸಿಗೆ ತಿರುಗಿ ಹೊಕ್ಕೀನಿ.”

ಶಾಲೆ, ಕೆಲಸ, ನೀಲಾ, ಎಲ್ಲ ಆ ಗಂಟಿನೊಳಗೇ ಕೂತಿದ್ದವು. “ಅತ್ತಿ, ಛಲೋದೂ ಒಂದು ಅಂದಿದ್ದೆನ್ರಿ” ಎಂದೆ.

“ಅದ್ಯಾಕ ಕೇಳ್ಸಲಿಲ್ಲ?”

“ಮೆತ್ತಗ ಅಂದಿದ್ದೆ.”

“ಮೆತ್ತಗ ಅಂದ್ರ ಅದಕ್ಕ ಹತ್ತೂದಿಲ್ಲ” ಎಂದರು ನಮ್ಮವರು.

“ಹಂಗಾರ ಗಟ್ಟ್ಯಾಗಿ ಅನ್ನಲಿ. ಆ ದೀಪ ಹತ್ತಿದ್ರ ಗಂಟ ಬಿಚ್ತೀನಿ.”

ಮಾತು ಹೊರಗೆ ಹೋಗದಂತೆ ಏನೋ ತಿರುಗಿಸಿ ನಮ್ಮವರು ಪೆಟ್ಟಿಗೆ ಸಜ್ಜುಗೊಳಿಸಿದರು. ಮಾಲೆ ಹಾಕಿದ ಮೈಕಿನ ಮುಂದೆ ನಿಂತೆ. ಬೆಳಗಿನಿಂದ ಗುಡುಗಿದ ಗಂಟಲು ಇಲಿಯಷ್ಟು ಚಿಂವ್‌ಗುಟ್ಟಿತು.

“ಹತ್ತವಲ್ದು” ಎಂದರು ಅತ್ತೆ.

ಮತ್ತೊಮ್ಮೆ ಹೇಳಿದೆ. ಹತ್ತಲಿಲ್ಲ. ಕಣ್ಣು ಮುಚ್ಚಿ, ಮಾನ ಬದಿಗಿಟ್ಟು ಕೂಗಿದೆ, “ನೀವ ಬೇಕ್ರಿ ಅತ್ತಿ, ನೀವಿಲ್ದ ನನ್ನ ಕೈಲಿ ಆಗೂದಿಲ್ಲ!” ಎದ್ದು ಕೂತ ನೀಲಾ ಚಪ್ಪಾಳೆ ತಟ್ಟಿದಳು. ಕಣ್ಣು ತೆರೆದರೆ ಬಾಗಿಲಲ್ಲಿ ಪಕ್ಕದ ಮನೆಯ ಭೀಮಕ್ಕ ಹೋಳಿಗೆಯ ತಟ್ಟೆ ಹಿಡಿದು ನಿಂತುಬಿಟ್ಟಿದ್ದಳು. ದೀಪ ಕೆಂಪಗೆ ಉರಿಯುತ್ತಿತ್ತು.

ಅತ್ತೆ ದೀಪಕ್ಕೆ ಬೆನ್ನು ಮಾಡಿ ಕೂತಿದ್ದರು. ಗಂಟು ಯಾವಾಗಲೋ ಬಿಚ್ಚಿಯಾಗಿತ್ತು. ಸೀರೆಗಳನ್ನು ಒಂದೊಂದಾಗಿ ನನ್ನ ಟ್ರಂಕಿಗೆ ಸೇರಿಸುತ್ತಿದ್ದರು.

“ಇನ್ನಾ ಹತ್ತವಲ್ದು, ಗಂಗಾ” ಎಂದರು ತಿರುಗಿ ನೋಡದೆ. “ಭೀಮಕ್ಕನೂ ಬಂದಾಳ. ಮತ್ತೊಮ್ಮಿ ಅನ್ನು.”