ನಿನಗೇನಾದ್ರೂ ಉಳಿಸ್ಬೇಕಾ?

“ಇವತ್ತಿನಿಂದ ಈ ಮನೇಲಿ ಒಂದೇ ಒಂದು ವಸ್ತು ಆಚೀಚೆ ಆಗಲ್ಲ, ಬರೆದಿಟ್ಕೋ!” ಎಂದು ತಿದ್ದುಪಡಿ ರಾಯರು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಸಾರಿದರು.

“ಮೊದಲು ನಿಮ್ಮ ಎಡಗಾಲಿನ ಕಾಲುಚೀಲ ಹುಡುಕಿ. ಸೋಮವಾರದಿಂದ ಬಲಗಾಲಿಂದು ಒಂದೇ ಒಗೀತಿದೀನಿ,” ಎಂದರು ಅವರ ಹೆಂಡತಿ, ಹೊಲಿಗೆ ಯಂತ್ರಕ್ಕೆ ದಾರ ಪೋಣಿಸುತ್ತ.

ರಾಯರದು ಕರಡು ತಿದ್ದುವ ಕೆಲಸ. ನೀರಿನ ಪಂಪು, ಬಟ್ಟೆ ಒಗೆಯುವ ಯಂತ್ರ ಮುಂತಾದವುಗಳ ಡಬ್ಬದೊಳಗೆ ಒಂದು ಪುಸ್ತಿಕೆ ಇರುತ್ತದಲ್ಲ, ಯಾರೂ ಓದದೆ ಎಸೆಯುವಂಥದ್ದು, ಅದರಲ್ಲಿ ತಪ್ಪು ಹುಡುಕುವ ಮಹಾಕಾರ್ಯ ಅವರದು. ‘ತಿದ್ದುಪಡಿ’ ಎಂಬ ಬಿರುದು ಬಂದದ್ದು ಅದರಿಂದಲೇ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು. ಕಲಿಯುವವರೆಲ್ಲ ಟೀಚರಮ್ಮ ಎನ್ನುತ್ತಿದ್ದುದರಿಂದ ಊರಿಗೆಲ್ಲ ಅವರು ಟೀಚರಮ್ಮನೇ.

ಟೀಚರಮ್ಮ ಒಂದು ಪುಸ್ತಕ ಬರೆಯುತ್ತಿದ್ದರು. ಹೊಲಿಗೆ ಕಲಿಯುವವರಿಗೆ ಹನ್ನೆರಡು ಅಧ್ಯಾಯಗಳ ಕೈಪಿಡಿ. ಹನ್ನೊಂದು ಆಗಲೇ ಪ್ರೆಸ್ಸು ಸೇರಿದ್ದವು. ಕೊನೆಯದಾದ ‘ಕಾಲರ್ ಕೂರಿಸುವುದು’ ಮಾತ್ರ ಬಾಕಿ. ಅದನ್ನು ಟೀಚರಮ್ಮ ರಾಯರ ಕಂಪ್ಯೂಟರಿನಲ್ಲೇ ಎರಡು ಬೆರಳಿನಿಂದ ಕುಟ್ಟಿ ಕುಟ್ಟಿ ಹನ್ನೊಂದು ದಿನಕ್ಕೆ ಮುಗಿಸಿದ್ದರು. ಇವತ್ತು ನಾಲ್ಕು ಗಂಟೆಯೊಳಗೆ ಅದು ಪ್ರೆಸ್ಸಿಗೆ ಹೋಗಬೇಕು. ಹೋದರೆ ಶನಿವಾರ ಕೋರ್ಸು ಮುಗಿಸುವ ಮೂವತ್ತೊಂದು ಹೆಣ್ಣುಮಕ್ಕಳ ಕೈಗೂ ಒಂದೊಂದು ಪ್ರತಿ. ತಪ್ಪಿದರೆ ಎರಡು ತಿಂಗಳ ನಂತರ, ಅವರೆಲ್ಲ ದಿಕ್ಕಾಪಾಲಾದ ಮೇಲೆ. ತಾನು ಪುಸ್ತಕವಿಲ್ಲದೆ, ಬೈಸಿಕೊಂಡು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಕಲಿತವಳು ಎಂಬ ನೋವು ಟೀಚರಮ್ಮನಿಗೆ ಇನ್ನೂ ಆರಿರಲಿಲ್ಲ. ಈ ಪುಸ್ತಕ ಅವರಿಗೆ ಎಷ್ಟು ಮುಖ್ಯ ಎಂದು ರಾಯರಿಗೂ ಗೊತ್ತಿತ್ತು.

ಗೊತ್ತಿದ್ದೂ ರಾಯರ ತಲೆಯಲ್ಲಿ ಅವತ್ತು ಬೇರೆ ಹುಳ ಹೊಕ್ಕಿತ್ತು. ಅವರ ಕಂಪ್ಯೂಟರಿನಲ್ಲಿ ಯಾವಾಗಲೂ ಇಪ್ಪತ್ತಮೂರು ಫೈಲುಗಳು ಬಾಯಿ ತೆರೆದುಕೊಂಡೇ ಇರುತ್ತಿದ್ದವು. ಮುಚ್ಚಿದರೆ ಮತ್ತೆ ಹುಡುಕಬೇಕಲ್ಲ ಎಂಬ ಭಯಕ್ಕೆ ಕಂಪ್ಯೂಟರನ್ನು ಅವರು ಆರಿಸುತ್ತಲೇ ಇರಲಿಲ್ಲ, ಮುಚ್ಚಳ ಮುಚ್ಚಿ ಮಲಗಿಸುತ್ತಿದ್ದರು. ಹೀಗಿರುವಾಗ ‘ವರ್ಕ್‌ಸ್ಪೇಸ್ ಉಳಿಸಿ’ ಎಂಬ ಗುಂಡಿಯೊಂದು ಅವರ ಕಣ್ಣಿಗೆ ಬಿತ್ತು. ಒತ್ತಿದರೆ ಮುಗಿಯಿತು! ಎಲ್ಲವನ್ನೂ ಮುಚ್ಚಿ ಮತ್ತೆ ತೆರೆದಾಗ ಇಪ್ಪತ್ತಮೂರೂ ಫೈಲುಗಳು ಇದ್ದ ಜಾಗದಲ್ಲಿ, ಇದ್ದ ಸಾಲಿನಲ್ಲಿ ಬಂದು ಕೂರುತ್ತವಂತೆ!

“ಬಾರೇ ಇಲ್ಲಿ! ಪವಾಡ ತೋರಿಸ್ತೀನಿ!”

“ನಂಗೆ ತೋಳು ಜೋಡಿಸೋದಿದೆ. ನೀವು ಮೊದಲು ಬಾಣಲೇಲಿರೋ ತಿಂಡಿ ತಿನ್ನಿ. ಆರಿಹೋಗ್ತಿದೆ.”

ರಾಯರು ಗುಂಡಿ ಒತ್ತಿದರು. ಆಮೇಲೆ, ಯುದ್ಧಕ್ಕೆ ಹೊರಟ ಸೇನಾಪತಿಯ ಗತ್ತಿನಲ್ಲಿ, ಎಲ್ಲ ಫೈಲುಗಳನ್ನೂ ಒಟ್ಟಿಗೆ ಮುಚ್ಚಲು ಅಪ್ಪಣೆ ಕೊಟ್ಟರು. ಇಪ್ಪತ್ತೆರಡು ತೆಪ್ಪಗೆ ಮುಚ್ಚಿಕೊಂಡವು. ಅವೆಲ್ಲ ಅವರು ಬರೀ ಓದಲು ತೆರೆದಿಟ್ಟವು. ಒಂದು ಮಾತ್ರ ಹಟ ಹಿಡಿದು ನಿಂತು ಪ್ರಶ್ನೆ ಕೇಳಿತು: ‘ಕಾಲರ್: ಬದಲಾವಣೆಗಳನ್ನು ಉಳಿಸಬೇಕೇ? ಉಳಿಸಬೇಡವೇ?’

ಹೆಂಡತಿಯ ಫೈಲು. ಹೆಂಡತಿಯ ಸ್ವತ್ತಿನ ವಿಷಯದಲ್ಲಿ ರಾಯರು ಬಲು ನಿಯತ್ತಿನ ಮನುಷ್ಯ, ಕೇಳದೆ ಮುಟ್ಟುವವರಲ್ಲ. ಕೂತಲ್ಲಿಂದಲೇ ಕೂಗಿದರು.

“ಲೇ! ನಿನಗೇನಾದ್ರೂ ಉಳಿಸ್ಬೇಕಾ?”

ಮುಂದಿನ ಕೋಣೆಯಲ್ಲಿ ಯಂತ್ರದ ಕಟಕಟ ನಿಂತಿತು. “ನಂಗೇನೂ ಬೇಡ! ಒಂದು ಚೂರೂ ಉಳಿಸ್ಬೇಡಿ! ಪೂರ್ತಿ ಖಾಲಿ ಮಾಡ್ಬಿಡಿ!”

ಇಷ್ಟು ಸ್ಪಷ್ಟವಾದ ಆದೇಶ ರಾಯರಿಗೆ ಆಫೀಸಿನಲ್ಲೂ ಸಿಕ್ಕಿರಲಿಲ್ಲ. ಒಂದು ಕ್ಷಣ ಅನುಮಾನ ಬಂದದ್ದೇನೋ ನಿಜ. ಆದರೆ ವರ್ಕ್‌ಸ್ಪೇಸೇ ಉಳಿದಿರುವಾಗ ಅದರೊಳಗಿನ ಫೈಲು ಎಲ್ಲಿಗೆ ಹೋದೀತು? ‘ಉಳಿಸಬೇಡ’ ಒತ್ತಿ, ಕಂಪ್ಯೂಟರ್ ಆರಿಸಿ, ಮೀಸೆಯ ಮೇಲೆ ಕೈಯಾಡಿಸಿ ಮತ್ತೆ ಹಚ್ಚಿದರು.

ಬಂದವು! ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ! ಪಂಪು ಎಡಕ್ಕೆ, ಒಗೆಯುವ ಯಂತ್ರ ಬಲಕ್ಕೆ, ಕೆಳಗಿನ ಮೂಲೆಯಲ್ಲಿ ಕಾಲರ್. ರಾಯರು ಕುರ್ಚಿ ಬಿಟ್ಟೆದ್ದು ಚಪ್ಪಾಳೆ ತಟ್ಟಿದರು. “ನೋಡು ಬಾರೇ! ಎಲ್ಲ ಇದ್ದ ಹಾಗೇ ಇದೆ!”

ಟೀಚರಮ್ಮ ಬಂದು ಬಗ್ಗಿ ನೋಡಿದರು. “ಇಲ್ಲಿ ಬರೀ ತಲೆಬರಹ ಇದೆಯಲ್ಲ ರೀ. ಕೆಳಗಿಂದು ಎಲ್ಲಿ?”

“ಇರುತ್ತೆ ಬಿಡು, ಕೆಳಗೆ ಸರಿಸು.”

ಕೆಳಗೆ ಸರಿಯಲು ಕೆಳಗೆ ಏನಾದರೂ ಇರಬೇಕಲ್ಲ! ಮೊದಲ ದಿನ ರಾಯರೇ ತಲೆಬರಹ ಬರೆದು ಫೈಲು ಉಳಿಸಿಕೊಟ್ಟಿದ್ದರು. ಆಮೇಲೆ ಅಷ್ಟೂ ದಿನ ಯಾರೂ ಉಳಿಸುವ ಗೋಜಿಗೇ ಹೋಗಿರಲಿಲ್ಲ. ರಾಯರು ತಡಮಾಡದೆ ಆಫೀಸಿನ ಕಂಪ್ಯೂಟರುಗಳ ಮೇಲ್ವಿಚಾರಕಿ ‘ಸಿಸ್ಟಮ್ ಅಕ್ಕ’ನಿಗೆ ಫೋನು ಹಚ್ಚಿದರು. ಫೋನಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು.

“ವರ್ಕ್‌ಸ್ಪೇಸ್ ಅಂದ್ರೆ ಯಾವ ಫೈಲು ಎಲ್ಲಿ ತೆರೆದಿತ್ತು ಅನ್ನೋ ಪಟ್ಟಿ ಅಷ್ಟೇ ಸರ್. ಯಾರು ಯಾವ ಕುರ್ಚೀಲಿ ಕೂತಿದ್ರು ಅಂತ ಬರ್ಕೊಳ್ಳುತ್ತೆ, ಏನು ಮಾತಾಡಿದ್ರು ಅಂತಲ್ಲ. ಮುಚ್ಚುವಾಗ ಉಳಿಸ್ಬೇಕಾ ಅಂತ ಕೇಳಲಿಲ್ವಾ?”

“ಕೇಳ್ತಮ್ಮಾ.”

“ಮತ್ತೆ?”

“ಮನೆಯವಳನ್ನ ಕೇಳ್ದೆ. ಖಾಲಿ ಮಾಡ್ಬಿಡಿ ಅಂದ್ಲು.”

ಆ ಕಡೆ ಸಿಸ್ಟಮ್ ಅಕ್ಕ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಈ ಕಡೆ ಟೀಚರಮ್ಮನಿಗೆ ಎಲ್ಲ ತಿಳಿಯಿತು.

“ನಾನು ಹೇಳಿದ್ದು ಬಾಣಲೆಗೆ ರೀ! ಬಾಣಲೆಗೆ!”

“ಅದನ್ನ ಬಿಡಿಸಿ ಹೇಳ್ಬಾರದಾ?”

“ತಿಂಡಿ ತಿನ್ನಿ ಅಂದ್ಮೇಲೆ ಗಂಡ ‘ಉಳಿಸ್ಬೇಕಾ’ ಅಂತ ಕೂಗಿದ್ರೆ ಯಾವ ಹೆಂಗಸು ಕಂಪ್ಯೂಟರ್ ಅಂದ್ಕೋತಾಳೆ?”

ಬಾಣಲೆಯಲ್ಲಿ ತಿಂಡಿ ಪೂರ್ತಿ ಉಳಿದಿತ್ತು. ಅಧ್ಯಾಯ ಪೂರ್ತಿ ಖಾಲಿಯಾಗಿತ್ತು. ಟೀಚರಮ್ಮ ಸ್ಟೂಲಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆ ಹೆಣ್ಣುಮಕ್ಕಳಿಗೆ ಈಗ ಏನು ಹೇಳಲಿ ಎಂದು ಕೇಳಿದರು. ಬೈದಿದ್ದರೆ ರಾಯರು ತಡೆದುಕೊಳ್ಳುತ್ತಿದ್ದರು. ಈ ಪ್ರಶ್ನೆಯನ್ನು ತಡೆಯಲಾಗದೆ ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕೂತರು.

“ನೀನು ಹೇಳ್ತಾ ಹೋಗು, ನಾನು ಬರೀತೀನಿ,” ಎಂದರು ಮೆಲ್ಲಗೆ. ಗಂಟೆ ಹನ್ನೊಂದೂವರೆ.

ಟೀಚರಮ್ಮ ಎದ್ದರು. ಹಗ್ಗಕ್ಕೆ ನೇತುಹಾಕಿದ್ದ ಒಂದು ಅಂಗಿ ಎಳೆದುಕೊಂಡು ಶುರುಮಾಡಿದರು. “ಮೊದಲು ಕೊರಳ ಸುತ್ತಳತೆ ತಗೋಬೇಕು. ಇಲ್ಲಿ ಬನ್ನಿ.” ಅಳತೆ ಟೇಪು ರಾಯರ ಕೊರಳಿಗೆ ಬಿತ್ತು.

“ಒಂದು ಬೆರಳು ಸಡಿಲ ಬಿಡ್ಬೇಕು ಅಂತ ನೀನೇ ಹೇಳ್ತಿದ್ಯಲ್ಲೇ!”

“ಅದು ಗಿರಾಕಿಗಳಿಗೆ. ಬರ್ಕೊಳ್ಳಿ!”

ರಾಯರು ಬರೆದುಕೊಂಡರು. ಒಳಗಿಡುವ ಗಟ್ಟಿ ಕ್ಯಾನ್ವಾಸ್ ಬಟ್ಟೆ ಎಷ್ಟು ಅಗಲ, ಕಾಲರಿನ ಮೂಲೆ ತಿರುಗಿಸುವ ಮೊದಲು ಹೊಲಿಗೆಯಾಚೆಯ ಬಟ್ಟೆ ಎಷ್ಟು ಕತ್ತರಿಸಬೇಕು, ಎಲ್ಲ ಟೀಚರಮ್ಮನ ಬಾಯಲ್ಲೇ ಇತ್ತು. ಒಮ್ಮೆ ರಾಯರು “ಇಲ್ಲಿ ‘ಮಡಚಿ’ಗಿಂತ ‘ಮಡಿಸಿ’ ಚೆನ್ನಾಗಿರುತ್ತೆ” ಎಂದು ಬಾಯಿ ತೆರೆದರು. ಟೀಚರಮ್ಮ ಕತ್ತರಿ ಕೈಗೆತ್ತಿಕೊಂಡರು, ಬಟ್ಟೆ ಕತ್ತರಿಸಲೆಂದೇ ಇರಬೇಕು. ‘ಮಡಚಿ’ ಹಾಗೇ ಉಳಿಯಿತು. ಪ್ರತಿ ವಾಕ್ಯ ಮುಗಿದಾಗಲೂ ಟೀಚರಮ್ಮ “ಉಳಿಸಿ” ಎನ್ನುವುದು, ರಾಯರು ಉಳಿಸುವುದು, ಹೀಗೇ ಊಟವಿಲ್ಲದೆ ಮೂರೂಮುಕ್ಕಾಲಾಯಿತು. ಅಧ್ಯಾಯ ಮುಗಿಯಿತು, ಮೊದಲಿನದಕ್ಕಿಂತ ಚೆನ್ನಾಗಿಯೂ ಬಂದಿತ್ತು.

ರಾಯರು ಉಸ್ಸಪ್ಪಾ ಎಂದು ಕಳಿಸುವ ಗುಂಡಿಯತ್ತ ಬೆರಳು ಚಾಚಿದರು.

“ನಿಲ್ಲಿ. ಕೃತಜ್ಞತೆ ಹೇಳೋದು ಮರೆತಿದ್ದೆ. ಬರ್ಕೊಳ್ಳಿ: ‘ಕೊನೆಯ ಅಧ್ಯಾಯವನ್ನು ಎರಡೆರಡು ಸಲ ಬರೆಯುವ ಭಾಗ್ಯ ಕರುಣಿಸಿದ ನನ್ನ ಯಜಮಾನರಿಗೆ ನಾನು ಚಿರಋಣಿ.’”

ರಾಯರು ಬರೆದರು. ಬರೆದು ತಲೆ ಕೆರೆದುಕೊಂಡರು. “ಮೂವತ್ತೊಂದು ಜನ ಓದ್ತಾರೆ ಕಣೇ. ಇದು ಬೇಕೇ ಬೇಕಾ?”

“ಯಾಕೆ, ತಪ್ಪಿದ್ಯಾ? ಇದ್ರೆ ತಿದ್ದಿ.”

ರಾಯರು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಕಾಗುಣಿತ ಸರಿ. ವ್ಯಾಕರಣ ಸರಿ. ವಿಷಯವಂತೂ ನೂರಕ್ಕೆ ನೂರು ಸರಿ. ಕೊನೆಗೆ ತಲೆ ತಗ್ಗಿಸಿ, ಯಾರನ್ನೂ ಏನನ್ನೂ ಕೇಳದೆ, ಉಳಿಸಿದರು.