ಮಾವಶಿ ಮಾಡಿದ ಜನಗಣತಿ

ಸರಕಾರದವರು ಜನಗಣತಿಗೆಂದು ಅಷ್ಟೊಂದು ಮಾಸ್ತರರನ್ನು ಬಿಸಿಲಲ್ಲಿ ಯಾಕೆ ಓಡಿಸುತ್ತಾರೋ ನನಗೆ ತಿಳಿಯದು. ನನ್ನ ಮಾವಶಿಯೊಬ್ಬಳನ್ನು ಬೀದಿಗೆ ಬಿಟ್ಟರೆ ಸಾಕು. ಮನೆಯಲ್ಲಿ ಎಷ್ಟು ಜನ ಎಂಬುದರ ಜೊತೆಗೆ ಯಾರಿಗೆ ಯಾರ ಮೇಲೆ ಸಿಟ್ಟು, ಯಾರಿಗೆ ಮಲಬದ್ಧತೆ ಎಂಬುದನ್ನೂ ಸಂಜೆಯೊಳಗೆ ತಂದು ಒಪ್ಪಿಸುತ್ತಾಳೆ.

ಮಾವಶಿ ಅಂದರೆ ನನ್ನ ಅಮ್ಮನ ತಂಗಿ. ಅಂಕೋಲೆಯವಳು. ಮಾವಿನ ಮರಗಳನ್ನು ಗುತ್ತಿಗೆ ಹಿಡಿದು ಹಣ್ಣು ಮಾರುವುದು ಅವಳ ದಂಧೆ. ನಾನು ಕಾರವಾರದಲ್ಲಿ ಹಲ್ಲಿನ ಡಾಕ್ಟರು. ಮದುವೆಯಾಗಿಲ್ಲ, ಒಬ್ಬಳೇ ಇರುವುದು. ಪೇಟೆಯ ನಡುವೆಯೇ ಇದ್ದೂ ಪೇಟೆಯ ಗಲಾಟೆ ಕೇಳಿಸದ ಒಂದು ಕಾಲನಿಯಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದೇನೆ. ನೌಕಾನೆಲೆಯ ಅಧಿಕಾರಿಗಳು, ನಿವೃತ್ತ ಇಂಜಿನಿಯರುಗಳು, ಡಾಕ್ಟರುಗಳು, ಕಂತ್ರಾಟುದಾರರು ಇರುವ ಜಾಗ. ಸಮುದ್ರ ಕಾಣುವ ಕೋಣೆಗೆಂದು ಹೆಚ್ಚು ದುಡ್ಡು ಕೊಟ್ಟು, ಬಿಸಿಲು ಬರುತ್ತದೆಂದು ಅದಕ್ಕೆ ಪರದೆ ಎಳೆದು ಕೂತ ಜನ. ಕಡಲ ದಂಡೆ ಐದು ನಿಮಿಷದ ದಾರಿ, ಆದರೆ ನಡೆಯುವುದು ಮನೆಯೊಳಗಿನ ಯಂತ್ರದ ಮೇಲೆ. ಒಬ್ಬರಿಗೊಬ್ಬರ ಮುಖ ಗೊತ್ತಿಲ್ಲ, ಕಾರಿನ ಬಣ್ಣ ಗೊತ್ತು. ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಅದೇ ನನಗೆ ಬಹಳ ಹಿಡಿಸಿತ್ತು.

ಇಂಥಲ್ಲಿಗೆ ಈ ಬೇಸಿಗೆಯಲ್ಲಿ ಮಾವಶಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಳು. ಜೊತೆಗೆ ಎರಡು ಬುಟ್ಟಿ ಇಶಾಡು ಮಾವಿನಹಣ್ಣು.

ಕಣ್ಣಿನ ಪಟ್ಟಿ ಬಿಚ್ಚಿದ್ದೇ ತಡ, ಸೆರಗಿನಲ್ಲಿ ನಾಲ್ಕು ಹಣ್ಣು ಕಟ್ಟಿಕೊಂಡು ಮೇಲಿನ ಮನೆಯ ಬೆಲ್ ಒತ್ತಿದಳು. ಅಲ್ಲಿರುವುದು ನಿವೃತ್ತ ಇಂಜಿನಿಯರು ಮತ್ತು ಅವರ ಹೆಂಡತಿ. ಮಾವಶಿಯನ್ನು ಕರೆತರಲು ನಾನು ಹತ್ತಿ ಹೋಗುವಷ್ಟರಲ್ಲಿ ಅವಳು ಅವರ ಸೋಫಾದ ಮೇಲೆ ಕಾಲು ಮಡಚಿ ಕೂತಾಗಿತ್ತು.

"ರಾತ್ರಿ ನಿದ್ದೆ ಬರ್ತದೆಯೋ ನಿಮಗೆ?" ಎಂದು ಇಂಜಿನಿಯರನ್ನು ಕೇಳುತ್ತಿದ್ದಳು.

"ಎಲ್ಲಿ ಬರ್ತದೆ ಅಮ್ಮ. ಸುಮ್ಮನೆ ಹೊರಳಾಡೋದು."

"ಒಳ್ಳೇದಾಯ್ತು," ಎಂದಳು ಮಾವಶಿ, ಮನಸಾರೆ.

ನನಗೆ ಅವರ ಟೀಪಾಯಿಯ ಕೆಳಗೆ ನುಗ್ಗಿ ಕೂರುವ ಹಾಗಾಯಿತು. ಎಳೆದುಕೊಂಡು ಬಂದೆ.

ಮರುದಿನ ಎದುರು ಮನೆ. ಅದು ನೌಕಾಪಡೆಯ ಅಧಿಕಾರಿಯೊಬ್ಬರದು. ಅವರ ಹೆಂಡತಿ ಹುಬ್ಬಳ್ಳಿ ಕಡೆಯವರು, ಬಹಳ ನಾಜೂಕು. ಮಾತಿನ ನಡುವೆ, "ನಮ್ಮ ಮಗ ಒಂದು ವಾರದಿಂದ ಸರಿ ಊಟಾನೇ ಮಾಡಿಲ್ಲ ನೋಡ್ರಿ" ಅಂದರಂತೆ. ಮಾವಶಿ ಮರುಗಿದಳು. ಯಾವ ಶಾಲೆ, ಎಷ್ಟನೇ ಕ್ಲಾಸು ಎಂದು ವಿಚಾರಿಸಿದಳು. ಅಷ್ಟರಲ್ಲಿ ಒಳಗಿಂದ ಅಧಿಕಾರಿಗಳೂ ಅವರ ಹಿಂದೆ ಮಗನೂ ಬಂದರು. ಮಗನಿಗೆ ನಾಲ್ಕು ಕಾಲು, ಜೋಲುವ ಕಿವಿ. ಬೇರೆ ಯಾರಾದರೂ ಆಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಮಾವಶಿ ನಾಯಿಯನ್ನು ನೋಡಿದಳು, ಅಧಿಕಾರಿಗಳನ್ನು ನೋಡಿದಳು, "ಮುಖ ಅಪ್ಪನ ಹಾಗೇ ಅದೆ" ಎಂದಳು.

ಇದನ್ನು ಅವಳೇ ಬಂದು ನನಗೆ ಹೇಳಿದ್ದು. ಆಮೇಲೆ ಎಷ್ಟೋ ದಿನ ನಾನು ಎದುರು ಮನೆಯ ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಇಣುಕಿ ನೋಡಿಯೇ ಹೊರಗೆ ಹೋಗುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಅಡ್ಡಿ ಇರಲಿಲ್ಲ. ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗಿ ಹಲ್ಲು ಕಿತ್ರೆ ಗೊತ್ತೇ ಆಗೂದಿಲ್ಲ" ಎಂದು ಹೇಳತೊಡಗಿದಳು. ಕಂತ್ರಾಟುದಾರರೊಬ್ಬರನ್ನು ಬಾಯಿ ತೆರೆಯಲು ಹೇಳಿ ಒಳಗೆ ಇಣುಕಿಯೂ ನೋಡಿದಳಂತೆ. ಒಂದು ಭಾನುವಾರ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಬಂದರು. ಬಹಳ ಮರ್ಯಾದೆಯಿಂದ, "ಡಾಕ್ಟ್ರೇ, ಕ್ಲಿನಿಕ್ಕಿನ ಪ್ರಚಾರಕ್ಕೆ ಬೇಕಾದರೆ ಗೇಟಿನ ಹತ್ತಿರ ಬೋರ್ಡು ಹಾಕಿಕೊಳ್ಳಿ. ಮನೆಮನೆಗೆ ಹಣ್ಣು ಕೊಟ್ಟು ಜನ ಕಳಿಸೋದು ಚೆಂದ ಕಾಣೂದಿಲ್ಲ" ಎಂದರು.

ನನ್ನ ಕಿವಿ ಬಿಸಿಯಾಯಿತು. ಅವರು ಹೋದ ಮೇಲೆ ಮಾವಶಿಯ ಎದುರು ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. "ಇದು ನಿನ್ನ ಅಂಕೋಲೆ ಅಲ್ಲ. ನನಗಿಲ್ಲಿ ತಲೆ ಎತ್ತಿ ತಿರುಗೂಕೆ ಆಗ್ತಾ ಇಲ್ಲ, ಗೊತ್ತುಂಟೋ?"

ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ, "ಕೆಳಗಿನ ಒಂದು ಮನೆ ಬಾಕಿ ಅದೆ. ಅದೊಂದು ನೋಡ್ಕಂಡು ಬರ್ತೆ, ಮತ್ತೆ ಹೋಗೂದಿಲ್ಲ" ಎಂದಳು.

ಮಳೆ ಹಿಡಿಯುವ ಮೊದಲು ಅವಳು ಬಸ್ಸು ಹತ್ತಿ ಊರಿಗೆ ಹೋದಳು. ನನಗೆ ನಿರಾಳವಾಯಿತು. ಆದರೂ ಲಿಫ್ಟು ಬಿಟ್ಟು ಮೆಟ್ಟಿಲಲ್ಲೇ ಓಡಾಡಿದೆ. ಕಾರಿನ ಗಾಜು ಏರಿಸಿಕೊಂಡೇ ಗೇಟು ದಾಟುತ್ತಿದ್ದೆ.

ಮಳೆಗಾಲ ಶುರುವಾಗಿ ಕೆಲವು ದಿನಗಳಾಗಿರಬೇಕು, ನನಗೆ ಜ್ವರ ಬಂತು. ಗುಳಿಗೆ ತಿಂದು ಕ್ಲಿನಿಕ್ಕಿಗೆ ರಜೆ ಹೇಳಿ ಮಲಗಿದೆ. ಏರುತ್ತಲೇ ಹೋಯಿತು. ಫೋನು ಎಲ್ಲಿಟ್ಟೆನೆಂದು ನೆನಪಿಲ್ಲ, ಎದ್ದು ಹುಡುಕುವ ಶಕ್ತಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಬೆಲ್ಲು ಬಡಿಯತೊಡಗಿತು. ನಿಲ್ಲಲೇ ಇಲ್ಲ. ಗೋಡೆ ಹಿಡಿದುಕೊಂಡು ಹೋಗಿ ಚಿಲಕ ತೆಗೆದೆ. ಎದುರು ಮನೆಯವರು ಕೈಯಲ್ಲಿ ನನ್ನ ಬಾಗಿಲಿನ ಹಾಲಿನ ಪ್ಯಾಕೆಟ್ಟುಗಳನ್ನು ಹಿಡಿದು ನಿಂತಿದ್ದರು.

"ಹಾಲು ಹೊರಗ ಉಳದ್ರ ಬೆಲ್ ಮಾಡ್ರಿ, ತೆಗೀಯೂ ತನಕ ಬಿಡಬ್ಯಾಡ್ರಿ ಅಂತ ನಿಮ್ಮ ಮಾವಶಿ ಹೇಳಿ ಹೋಗ್ಯಾರ," ಎಂದವರು ನನ್ನ ಹಣೆ ಮುಟ್ಟಿ ಗಾಬರಿಯಾದರು.

ಮೇಲಿನ ಮನೆಯ ಇಂಜಿನಿಯರು ಕಾರು ತೆಗೆದರು. ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿದ ಮೇಲೂ ಹೋಗದೆ ಕುರ್ಚಿಯಲ್ಲಿ ಕೂತಿದ್ದರು. ನಾನು ಸಂಕೋಚದಿಂದ ಕ್ಷಮೆ ಕೇಳಿದೆ.

"ಇದು ನನ್ನ ಪಾಲಿಗೆ ಬಂದ ಕೆಲಸ," ಎಂದರು ಅವರು. "ನಿದ್ದೆ ಇಲ್ಲದವನು, ಕಾರು ಇರುವವನು, ಅಪರಾತ್ರಿಯಲ್ಲಿ ಬೇಕಾದರೆ ನೀವೇ ಆಗಬೇಕು ಅಂದಿದ್ದರು ನಿಮ್ಮ ಮಾವಶಿ. ಒಬ್ಬೊಬ್ಬರಿಗೆ ಒಂದೊಂದು ವಹಿಸಿ ಹೋಗಿದ್ದಾರೆ. ನಮ್ಮ ಹುಡುಗಿ ಸತ್ರೂ ಯಾರನ್ನೂ ಕರೆಯೂದಿಲ್ಲ, ನೀವಾಗೇ ಹೋಗಿ ನೋಡಬೇಕು ಅಂದರು. ಹೇಳುವಾಗ ಅತ್ತುಬಿಟ್ಟರು."

ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಅಂಥ ನಾಚಿಕೆ ನನಗೆ ಆ ಬೇಸಿಗೆಯಿಡೀ ಒಮ್ಮೆಯೂ ಆಗಿರಲಿಲ್ಲ.

ಸಂಜೆ ಅವರ ಫೋನಿನಿಂದಲೇ ಅಂಕೋಲೆಗೆ ಮಾಡಿದೆ. ಜ್ವರ ಎಷ್ಟಿತ್ತು ಎಂದು ಅವಳು ಕೇಳಲಿಲ್ಲ.

"ಯಾರ್ಯಾರು ಬಂದ್ರು?" ಎಂದಳು.

ಹೇಳಿದೆ.

"ಹಂಗಾರೆ ಇನ್ನು ಅಡ್ಡಿ ಇಲ್ಲ, ಮಗಾ," ಎಂದಳು ಮಾವಶಿ. "ಇವತ್ತಿಂದ ನಾನೂ ನಿದ್ದೆ ಮಾಡ್ತೆ."