ಮಾವನ ಕಾರಿಗೆ ಗಟ್ಟಿ ಹೊದಿಕೆ

ಏಳನೇ ವಯಸ್ಸಿನಲ್ಲಿ ಬೀದಿ ಬದಿಯ ಚಪ್ಪರವೊಂದಕ್ಕೆ ನುಗ್ಗಿ, ಸ್ಟೂಲ್ ಎಳೆದು ಕೂತು, "ಮದುಮಗಳೆಲ್ಲಿ? ಸೂಪ್ ಯಾವಾಗ ಬರುತ್ತೆ?" ಅಂತ ಗಟ್ಟಿಯಾಗಿ ಕೇಳಿದ್ದೆ. ಅದು ಸಾವಿನ ಮನೆ! ನಮ್ಮ ಹೆಮೇ ಊರಲ್ಲಿ ಎರಡಕ್ಕೂ ರಸ್ತೆಯಲ್ಲೇ ಚಪ್ಪರ. ಕೆಂಪು ಪಟ್ಟೆಯಾದರೆ ಮದುವೆ ಊಟ, ನೀಲಿ-ಬಿಳಿ ಪಟ್ಟೆಯಾದರೆ ಸಾವು. ಆ ವ್ಯತ್ಯಾಸವನ್ನು ಅಮ್ಮ ಅಂದೇ ನನ್ನ ಬೆನ್ನ ಮೇಲೆ ಐದೂ ಬೆರಳಿನಿಂದ ಬರೆದಿದ್ದಳು. ಈ ಜನ್ಮದಲ್ಲಿ ಮರೆಯಬಾರದಿತ್ತು. ಮರೆತೆ!

ಮಾವ ನಿವೃತ್ತ ಟ್ಯಾಕ್ಸಿ ಚಾಲಕರು. ಮಂಡಿ ಆಪರೇಷನ್ನಿಗೆಂದು ಎರಡು ತಿಂಗಳು ಕಾವ್‌ಶಿಯುಂಗಿನ ದೊಡ್ಡ ಮಗಳ ಮನೆಗೆ ಹೊರಟಾಗ ಕಾರಿನ ಕೀಲಿ ನನ್ನ ಕೈಗಿತ್ತರು.

"ಅಳಿಯಂದ್ರೇ, ಚಂಡಮಾರುತದ ಕಾಲ. ಕಾರು ಹೊರಗೇ ನಿಂತಿರುತ್ತೆ. ನಾನು ಬರೋವಾಗ ಒಂದು ಗೀರು, ಒಂದು ತುಕ್ಕು ಇಲ್ದಿದ್ರೆ ಅದು ನಿಮ್ಮದೇ."

ನನ್ನ ಹೆಂಡತಿ ಪೇಯುನ್‌ಗೆ ಆರು ತಿಂಗಳು. ನಮಗಿದ್ದದ್ದು ಮಳೆ ಕಂಡರೆ ಕೆಮ್ಮುವ ಒಂದು ಸ್ಕೂಟರ್. ಆ ಕಾರು ನನಗೆ ಬೇಕೇ ಬೇಕಿತ್ತು!

"ಚಿಂತೆ ಬಿಡಿ ಮಾವ! ನಾನು ಛತ್ರಿ ಕಾರ್ಖಾನೆಯವನು. ನನ್ನ ಹೆಸರು ಕೇಳಿದ್ರೆ ಮಳೆ ನಡುಗುತ್ತೆ!"

"ನೀವಲ್ಲಿ ಡಬ್ಬಕ್ಕೆ ಚೀಟಿ ಅಂಟಿಸೋರಲ್ವೇ?"

ಮಹಾಪುರುಷರು ಕೆಲಸದಲ್ಲೇ ಉತ್ತರಿಸುತ್ತಾರೆ.

ಮೊದಲು ತಂದದ್ದು ಬೆಳ್ಳಿ ಬಣ್ಣದ ತೆಳು ಹೊದಿಕೆ. ಮೂರನೇ ದಿನದ ಗಾಳಿಗೆ ಅದು ಸ್ವರ್ಗಾರೋಹಣ ಮಾಡಿ, ಎದುರುಮನೆ ತು ಅಜ್ಜಿಯ ತಾರಸಿಯಲ್ಲಿ ಇಳಿಯಿತು.

"ನಮ್ಮ ನೀರಿನ ಟ್ಯಾಂಕಿಗೆ ಅಳತೆ ತಗೊಂಡು ಹೊಲಿಸಿದ ಹಾಗಿದೆ ಕಣಪ್ಪ," ಎಂದ ಅಜ್ಜಿ ವಾಪಸ್ ಕೊಡುವ ಮಾತೇ ಎತ್ತಲಿಲ್ಲ.

ಎರಡನೆಯದು ದಪ್ಪ ಪ್ಲಾಸ್ಟಿಕ್. ಎಲೆಯಲ್ಲಿ ಅಕ್ಕಿ ಕಡುಬು ಕಟ್ಟುವಂತೆ ಹಗ್ಗ ಬಿಗಿದೆ. ಗಾಳಿ ಸೋತಿತು. ವಾರ ಕಳೆದು ಬಿಚ್ಚಿದರೆ ಒಳಗಿಂದ ಬಿಸಿ ಹಬೆ! ಸೀಟಿನ ಮೇಲೆಲ್ಲ ಬಿಳಿ ಬೂಷ್ಟು! ನಾನು ಚರಂಡಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಇನ್ನೊಂದು ವಾರ ಬಿಟ್ಟಿದ್ದರೆ ತುಕ್ಕು ಗ್ಯಾರಂಟಿ.

"ಅಪ್ಪ ಕಾರು ಕಾಯೋಕೆ ಹೇಳಿದ್ದು ಮಾರಾಯ, ಬೇಯಿಸೋಕಲ್ಲ," ಎಂದಳು ಪೇಯುನ್.

ಶನಿವಾರ ಅವಳು ಔಷಧಿ ಅಂಗಡಿಯ ಕೆಲಸಕ್ಕೆ ಹೋದದ್ದೇ ತಡ, ಕ್ಯಾನ್ವಾಸ್ ಅಂಗಡಿಗೆ ಓಡಿದೆ. ಅಂಗಡಿಯವನು ಗುರುವಿನಂತೆ ಉಪದೇಶಿಸಿದ: "ಹೊದಿಕೆ ಕಾರಿಗೆ ತಾಗಲೇಬಾರ್ದು. ನಾಲ್ಕು ಕಂಬ ನಿಲ್ಲಿಸಿ ಎತ್ತರಕ್ಕೆ ಕಟ್ಟಿ, ಗಾಳಿಯಾಡ್ಲಿ. ಇದು ನೋಡಿ, ಹತ್ತು ವರ್ಷ ಬಿಸಿಲಲ್ಲಿದ್ರೂ ಜಪ್ಪಯ್ಯ ಅನ್ನಲ್ಲ."

ಎಳೆದೆ. ಮೇಲೆ ಹತ್ತಿ ನಿಂತೆ. ಅವನು ಆ ಕಡೆ ತಿರುಗಿದಾಗ ಒಂದು ಮೂಲೆ ಕಚ್ಚಿಯೂ ನೋಡಿದೆ. ಅಬ್ಬಾ, ಏನು ಗಟ್ಟಿ! ಎಲ್ಲ ಪರೀಕ್ಷೆಯೂ ಆಯಿತು, ಬಣ್ಣವೊಂದನ್ನು ಬಿಟ್ಟು.

ನಾಲ್ಕು ಬಿದಿರು ನಿಲ್ಲಿಸಿದೆ. ಹಾರಿಹೋಗದಿರಲೆಂದು ಸುತ್ತಲೂ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕಲ್ಲು ಹೇರಿ ಹಗ್ಗ ಕಟ್ಟಿದೆ. ಕಾರಿನ ಬೂಷ್ಟು ವಾಸನೆ ಹೋಗಲೆಂದು ಒಂದು ಹಿಡಿ ಊದಿನಕಡ್ಡಿಯನ್ನೂ ಹಚ್ಚಿಟ್ಟೆ! ಸುಸ್ತಾಗಿ, ತಲೆ ತಗ್ಗಿಸಿ ಪಕ್ಕದಲ್ಲಿ ಕೂತೆ.

ತು ಅಜ್ಜಿ ಓಡಿಬಂದಳು. "ಅಯ್ಯೋ! ಹೋಗುವಾಗ ಎಲ್ಲ ಚೆನ್ನಾಗೇ ಇತ್ತಲ್ಲೋ! ಹೀಗೆ ಹೇಗಾಯ್ತೋ?"

ಬೂಷ್ಟಿನ ಸುದ್ದಿ ಇವಳಿಗೂ ತಲುಪಿತೇ! ಅವಮಾನದಿಂದ ನಿಜವನ್ನೇ ಹೇಳಿದೆ: "ನನ್ನದೇ ತಪ್ಪು ಅಜ್ಜಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯಾಗಿ ಕಟ್ಟಿಬಿಟ್ಟೆ. ಉಸಿರಾಡೋಕೇ ಜಾಗ ಇರ್ಲಿಲ್ಲ."

ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. ಮೂರನೇ ಹೆಜ್ಜೆಗೆ ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಟ್ಯಾಕ್ಸಿ ಚಾಲಕರ ಸಂಘದಿಂದ ಎರಡು ಗೋಪುರ ಬಂದವು. ಸತ್ತವರ ಮನೆಗೆ ಕಳಿಸುತ್ತಾರಲ್ಲ, ತಂಪು ಪಾನೀಯದ ಡಬ್ಬಿಗಳನ್ನು ಆಳೆತ್ತರಕ್ಕೆ ಜೋಡಿಸಿದ ಗೋಪುರ, ಅದೇ! ರಿಬ್ಬನ್ನಿನ ಮೇಲೆ ಮಾವನ ಹೆಸರು! ಆಗ ತಲೆಯೆತ್ತಿದೆ. ನೀಲಿ, ಬಿಳಿ, ನೀಲಿ, ಬಿಳಿ... ಬೆನ್ನ ಮೇಲೆ ಐದು ಕಡೆ ಚುರುಗುಟ್ಟಿತು.

ಅಷ್ಟರಲ್ಲಿ ಪೇಯುನ್ ಬಂದಳು. "ಅಪ್ಪಾ!" ಎಂದವಳೇ ಕಂಬ ಹಿಡಿದುಕೊಂಡಳು.

"ಇಲ್ಲ ಕಣೇ! ಅಪ್ಪ ಚೆನ್ನಾಗಿದ್ದಾರೆ! ಇದು ಕಾರಿನ ಹೊದಿಕೆ!"

ಅವಳು ಚಪ್ಪರ ನೋಡಿದಳು. ಊದಿನಕಡ್ಡಿ ನೋಡಿದಳು. ನನ್ನನ್ನು ನೋಡಿದಳು. "ಚೆನ್ನಾಗಿರೋದು ಅವರೊಬ್ಬರೇ. ನಿನ್ನ ಗತಿ ನೋಡ್ಕೋ."

ಕಾವ್‌ಶಿಯುಂಗಿಗೆ ಹದಿನಾಲ್ಕು ಸಂತಾಪದ ಫೋನ್ ಹೋಗಿತ್ತು. ಅದರಲ್ಲಿ ನಾಲ್ಕನ್ನು ಮಾವನೇ ಎತ್ತಿದ್ದರು! ಮರುದಿನ ಬೆಳಿಗ್ಗೆ ಕೋಲೂರಿಕೊಂಡು ಅವರೇ ಬಂದು ತಮ್ಮ ಚಪ್ಪರದ ಮುಂದೆ ಇಳಿದರು. ಗೋಪುರದ ಮೇಲಿನ ಹೆಸರುಗಳನ್ನೆಲ್ಲ ಓದಿದರು. ಒಂದು ಡಬ್ಬಿ ಕಿತ್ತು, ತೆರೆದು, ಕುಡಿದರು. ಕಾರಿನ ಸುತ್ತ ಬೆರಳಾಡಿಸುತ್ತ ಒಂದು ಪ್ರದಕ್ಷಿಣೆ ಬಂದರು. ನನ್ನ ಪ್ರಾಣ ಆ ಬೆರಳಿನ ತುದಿಯಲ್ಲಿತ್ತು.

"ಗೀರಿಲ್ಲ. ತುಕ್ಕಿಲ್ಲ. ಭೇಷ್."

ಪೇಯುನ್ ನನ್ನ ತೋಳು ಚಿವುಟಿದಳು. ಬಾಯಿ ಮುಚ್ಚು ಅಂತ. ಆದರೆ ಮಾತು ಮಾತೇ ಅಲ್ಲವೇ?

"ಹಾಗಾದ್ರೆ ಮಾವ... ಕಾರು ಯಾವತ್ತಿಂದ ನನ್ನದು?"

ಮಾವ ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟರು.

"ನಾನು ನಿಜವಾಗ್ಲೂ ಸತ್ತ ದಿನದಿಂದ."